ಮಂಕಿ ರೆಂಚ್‌ಗೆ ಕನ್ನಡದಲ್ಲಿ ಏನು ಬರೆಯಲಿ? ನಾಳೆ ಸಂಜೆ ಅಚ್ಚಿಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ,

ಹಳೆಯ ಮೆಕ್ಯಾನಿಕ್ ಸಲಕರಣೆಗಳನ್ನು ಕೂಡಿಡುವ ಒಬ್ಬರ ಸಂಗ್ರಹಕ್ಕೆ ಕನ್ನಡ ಚೀಟಿ ಬರೆದುಕೊಡಲು ಒಪ್ಪಿಕೊಂಡಿದ್ದೇನೆ. ಒಂದೊಂದು ಚೀಟಿಯಲ್ಲಿ ಎರಡೇ ಸಾಲು ಹಿಡಿಯುತ್ತದೆ. ನಾಳೆ ಸಂಜೆಯೊಳಗೆ ಅಚ್ಚಿಗೆ ಕೊಡಬೇಕು.

ಸುತ್ತಿಗೆ, ಅರ, ಉಳಿ, ಇಕ್ಕಳ ಇವೆಲ್ಲ ಸುಲಭವಾಗಿ ಮುಗಿದವು. ಸಿಕ್ಕಿಕೊಂಡಿರುವುದು ಬಾಯಿ ಹಿಗ್ಗಿಸಿ ಕುಗ್ಗಿಸುವ ಮೂರು ಸಲಕರಣೆಗಳಲ್ಲಿ. ಇಂಗ್ಲಿಷಿನಲ್ಲಿ ಅವಕ್ಕೆ ಮಂಕಿ ರೆಂಚ್, ಅಡ್ಜಸ್ಟಬಲ್ ಸ್ಪ್ಯಾನರ್, ಪೈಪ್ ರೆಂಚ್ ಅನ್ನುತ್ತಾರೆ. ನನ್ನ ಕೈಗೆ ಬಂದ ಕರಡಿನಲ್ಲಿ ಮೂರಕ್ಕೂ ‘ಹೊಂದಿಸಬಲ್ಲ ತಿರುಚುಳಿ’ ಅಂತ ಇದೆ. ಒಂದು ಕಡೆ ‘ಮಂಗನ ತಿರುಚುಳಿ’ ಅಂತಲೂ ಇದೆ! ಮೂರನ್ನೂ ಪಕ್ಕಪಕ್ಕದಲ್ಲೇ ಇಡುತ್ತಾರೆ. ಹಾಗಾಗಿ ಬೇರೆ ಬೇರೆ ಹೆಸರು ಬೇಕೇ ಬೇಕು.

ಇನ್ನೆರಡು ಸಣ್ಣ ಸಂಶಯ. ‘ಡ್ರಾಪ್ ಫೋರ್ಜ್ಡ್’ ಅಂತ ಮೈಮೇಲೆ ಒತ್ತಿರುವುದಕ್ಕೆ ಕರಡಿನಲ್ಲಿ ‘ಎರಕದ ಉಕ್ಕು’ ಅಂತಿದೆ, ಸರಿಯೇ? ‘ಪೇಟೆಂಟ್ ಪೆಂಡಿಂಗ್’ಗೆ ‘ಪೇಟೆಂಟ್ ಬಾಕಿ’ ನಡೆಯುತ್ತದೆಯೇ?

ಮರು: ಮಂಕಿ ರೆಂಚ್

ಸ್ಪ್ಯಾನರ್ ಅಂದರೆ ಸ್ಪ್ಯಾನರ್. ಗ್ಯಾರೇಜಿನಲ್ಲಿ ಕೆಲಸ ಮಾಡುವ ಯಾರನ್ನಾದರೂ ಕೇಳಿ. ಪಾನಾ ಅನ್ನುವವರೂ ಇದ್ದಾರೆ. ತಿರುಚುಳಿ ಅನ್ನುವವರು ಒಬ್ಬರೂ ಇಲ್ಲ. ಬಾಯಿ ಹೊಂದಿಸುವುದಕ್ಕೆ ಸ್ಕ್ರೂ ಸ್ಪ್ಯಾನರ್ ಅನ್ನುತ್ತಾರೆ. ಅದನ್ನೇ ಬರೆಯಿರಿ.

ಮರು: ಮಂಕಿ ರೆಂಚ್

ತಿರುಚುಳಿಯನ್ನು ಮೊದಲು ಕಿತ್ತುಹಾಕಿ. ಯಾರೋ ‘ತಿರುಪುಳಿ’ ನೋಡಿ ಸುಮ್ನೆ ಅಚ್ಚು ತೆಗೆದಿದ್ದಾರೆ. ಸ್ಕ್ರೂಡ್ರೈವರಿಗೆ ತಿರುಪುಳಿ ಒಪ್ಪುತ್ತದೆ, ಯಾಕೆಂದರೆ ಅದರ ತುದಿ ಉಳಿಯ ಹಾಗೇ ಇದೆ. ಸ್ಪ್ಯಾನರಿಗೆ ಅಲಗು ಎಲ್ಲಿದೆ? ಸಾಲದ್ದಕ್ಕೆ ತಿರುಚುವುದು ಅಂದರೆ ಕೆಡಿಸುವುದು. ಕೈ ತಿರುಚುತ್ತಾರೆ, ಮಾತು ತಿರುಚುತ್ತಾರೆ. ನಟ್ಟನ್ನು ತಿರುಚಿದರೆ ಎಳೆ ಹೋಗುತ್ತದೆ.

ಸರಿಯಾದ ಮಾತು ‘ಕೈ’. ಬೀಗದಕೈ, ಕೀಲಿಕೈ ನಮ್ಮಲ್ಲಿ ಆಗಲೇ ಇವೆ. ತಿರುಗಿಸಿ ಬಿಗಿಮಾಡುವ, ಸಡಿಲಮಾಡುವ ಸಲಕರಣೆಗೆ ಕನ್ನಡ ಕಂಡುಕೊಂಡ ಹೆಸರು ಅದು. ಲೋಕವೆಲ್ಲ ಇದೇ ದಾರಿ ಹಿಡಿದಿದೆ. ಜರ್ಮನ್ನರಿಗೆ ಸ್ಪ್ಯಾನರ್ ಅಂದರೆ ‘ಶ್ಲುಸೆಲ್’, ಬೀಗದಕೈ ಅನ್ನುವುದಕ್ಕೂ ಅದೇ ಪದ. ಫ್ರೆಂಚರ ‘ಕ್ಲೇ’, ಸ್ಪ್ಯಾನಿಶ್‌ನ ‘ಯಾವೆ’, ರಷ್ಯನ್ನರ ‘ಕ್ಲ್ಯೂಚ್’ ಎಲ್ಲವೂ ಹಾಗೇ. ಪೋರ್ಚುಗೀಸರ ‘ಚಾವೆ’ ಕೂಡ ಎರಡಕ್ಕೂ ನಡೆಯುತ್ತದೆ. ನಮ್ಮ ‘ಚಾವಿ’ ಬಂದದ್ದು ಅಲ್ಲಿಂದಲೇ. ಇಂಗ್ಲಿಷಿನವರೂ ಆಲನ್ ಕೀ ಅನ್ನುತ್ತಾರಲ್ವಾ?

ಆದ್ದರಿಂದ ತಿರುಪುಗೈ. ಇದಕ್ಕಿಂತ ಚೆನ್ನಾದದ್ದು ಸಿಗುವುದಿಲ್ಲ.

ಮರು: ಮಂಕಿ ರೆಂಚ್

ನಾನು ಈ ಸಲಕರಣೆಗಳನ್ನು ಬಹಳ ವರ್ಷಗಳಿಂದ ಕೂಡಿಡುತ್ತಿದ್ದೇನೆ. ತಿರುಪುಗೈ ಕೇಳಲು ಚೆಂದ. ಆದರೆ ಕೇಳಿದವರ ಕಷ್ಟ ಅದಲ್ಲ. ಮೂರು ಸಲಕರಣೆ ಇವೆ, ಮೂರನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ತಿರುಪುಗೈ ಅಂದರೆ ಮೂರೂ ಮತ್ತೆ ಒಂದೇ ಹೆಸರಿನೊಳಗೆ ಬೀಳುತ್ತವೆ.

ಮೇಡಂ, ಸಲಕರಣೆಯ ಬಾಯಿ ನೋಡಿ. ಹೆಸರು ಅಲ್ಲೇ ಇದೆ.

ಮಂಕಿ ರೆಂಚಿನ ಎರಡು ದವಡೆಗಳೂ ಹಿಡಿಗೆ ನೇರ ಅಡ್ಡವಾಗಿ ನಿಂತಿರುತ್ತವೆ. ದೂರದಿಂದ ಸುತ್ತಿಗೆಯ ತಲೆಯ ಹಾಗೆ ಕಾಣುತ್ತದೆ. ಸ್ಕ್ರೂ ಹಿಡಿಯ ಉದ್ದಕ್ಕೆ ಕೂತಿರುತ್ತದೆ. ಅಮೆರಿಕದ ವುಸ್ಟರ್‌ನಲ್ಲಿ ಲೋರಿಂಗ್ ಕೋಸ್ 1841ರಲ್ಲಿ ಪಡೆದ ಪೇಟೆಂಟಿನ ಹೆಚ್ಚುಗಾರಿಕೆ ಆ ಸ್ಕ್ರೂವಿನದೇ. ಅವನು ಅದನ್ನು ಹಿಡಿಯ ಪಕ್ಕಕ್ಕೆ ತಂದ. ಸಲಕರಣೆ ಹಿಡಿದ ಕೈಯ ಹೆಬ್ಬೆರಳಿನಿಂದಲೇ ಬಾಯಿ ಹೊಂದಿಸಬಹುದಾಯಿತು. ಇನ್ನೊಂದು ಕೈ ಬಿಡುವಾಯಿತು. ಎಂಜಿನ್ನಿನ ಕೆಳಗೆ ಮಲಗಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು. ಹಳೆಯವಕ್ಕೆ ಹೆಚ್ಚಾಗಿ ಮರದ ಹಿಡಿ ಇರುತ್ತದೆ.

ಅಡ್ಜಸ್ಟಬಲ್ ಸ್ಪ್ಯಾನರಿನ ಬಾಯಿ ಓರೆ. ಹಿಡಿಯ ಗೆರೆಯಿಂದ 15ರಿಂದ 22 ಡಿಗ್ರಿಯಷ್ಟು ವಾಲಿರುತ್ತದೆ. ಇಕ್ಕಟ್ಟಿನಲ್ಲಿ ಸ್ವಲ್ಪ ತಿರುಗಿಸಿ, ಮಗುಚಿ ಹಾಕಿ, ಮತ್ತೆ ತಿರುಗಿಸಲಿ ಅಂತ ಹಾಗೆ ಮಾಡಿದ್ದು. ಸ್ಕ್ರೂ ತಲೆಯ ಒಳಗೇ ಇರುತ್ತದೆ. ಸ್ವೀಡನ್ನಿನ ಯೂಹಾನ್ ಪೆಟ್ಟರ್ ಯೂಹಾನ್ಸನ್ 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಅಮೆರಿಕದಲ್ಲಿ 1907ರಲ್ಲಿ ಶುರುವಾದ ಕ್ರೆಸೆಂಟ್ ಕಂಪನಿ ಈ ಮಾದರಿಯನ್ನು ಎಷ್ಟು ಹರಡಿತೆಂದರೆ, ಅಲ್ಲಿ ಸಲಕರಣೆಗೇ ಕ್ರೆಸೆಂಟ್ ರೆಂಚ್ ಅನ್ನುವ ಹೆಸರು ಬಿತ್ತು.

ಪೈಪ್ ರೆಂಚಿಗೆ ಹಲ್ಲು ಇರುತ್ತದೆ. ಮೇಲಿನ ದವಡೆ ಬೇಕೆಂದೇ ಸಡಿಲ. ಎಳೆದಷ್ಟೂ ಕಚ್ಚುತ್ತದೆ. ಇದು ಡೇನಿಯಲ್ ಸ್ಟಿಲ್ಸನ್‌ನದು. ನಟ್ಟಿಗೆ ಹಾಕಿದರೆ ನಟ್ಟಿನ ಮೂಲೆಗಳನ್ನೇ ತಿಂದುಬಿಡುತ್ತದೆ. ದುಂಡಗಿನ ಕೊಳವೆಗೆ ಮಾತ್ರ ಇದು ಸರಿ.

ಹಾಗಾಗಿ ಅಡ್ಡಬಾಯಿ, ಓರೆಬಾಯಿ, ಹಲ್ಲುಬಾಯಿ. ಮುಂದೆ ಸ್ಪ್ಯಾನರ್ ಇರಲಿ, ರೆಂಚ್ ಇರಲಿ, ಕೈ ಇರಲಿ, ನನಗೆ ತಕರಾರಿಲ್ಲ.

ಡ್ರಾಪ್ ಫೋರ್ಜ್ಡ್ ಎರಕ ಅಲ್ಲವೇ ಅಲ್ಲ. ಇದು ದೊಡ್ಡ ತಪ್ಪು, ದಯವಿಟ್ಟು ತೆಗೆಯಿರಿ. ಎರಕ ಅಂದರೆ ಕರಗಿಸಿ ಹೊಯ್ದದ್ದು. ಇದು ಕೆಂಪಗೆ ಕಾಯಿಸಿದ ಉಕ್ಕನ್ನು ಎರಡು ಅಚ್ಚಿನ ನಡುವೆ ಬಡಿದದ್ದು. ಸಲಕರಣೆಯ ಅಂಚು ನೋಡಿದರೂ ತಿಳಿಯುತ್ತದೆ. ಎರಕದ್ದಕ್ಕೆ ಕೂದಲೆಳೆಯಂಥ ತೆಳು ಗೆರೆ ಉಳಿದಿರುತ್ತದೆ. ಬಡಿದದ್ದಕ್ಕೆ ಹೊರಚೆಲ್ಲಿದ ಉಕ್ಕನ್ನು ಸಾಣೆ ಹಿಡಿದು ತೆಗೆದ ಅಗಲವಾದ ಪಟ್ಟಿ ಇರುತ್ತದೆ. ‘ಅಚ್ಚಿನಲ್ಲಿ ಬಡಿದ ಉಕ್ಕು’ ಅಂತ ಬರೆಯಿರಿ.

ಪೇಟೆಂಟ್ ಬಾಕಿ ಅಂದರೆ ಸಾಲ ಬಾಕಿ ಅಂದ ಹಾಗಿದೆ. ‘ಪೇಟೆಂಟ್ ಕೋರಿದೆ’ ಸಾಕು. ಹಾಗೇ ಇನ್ನೊಂದು ಮಾತು. ಸಲಕರಣೆಯ ಮೇಲಿನ ಪೇಟೆಂಟ್ ದಿನಾಂಕವನ್ನು ‘ತಯಾರಾದ ವರ್ಷ’ ಅಂತ ಬರೆಯಬೇಡಿ. ಆ ಗುರುತು ಒತ್ತಿದ ಸಲಕರಣೆ ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಅದು ಹೇಳುತ್ತದೆ. ಒಂದೇ ಅಚ್ಚಿನಿಂದ ವರ್ಷಗಟ್ಟಲೆ ಬಡಿಯುತ್ತಿದ್ದರು. ಬರೀ ನಂಬರ್ ಇದ್ದರೂ ಅಂದಾಜು ಸಿಗುತ್ತದೆ. ಅಮೆರಿಕದ ಪೇಟೆಂಟ್ ನಂಬರ್ 10 ಲಕ್ಷ ಮುಟ್ಟಿದ್ದು 1911ರಲ್ಲಿ, 20 ಲಕ್ಷ ಮುಟ್ಟಿದ್ದು 1935ರಲ್ಲಿ.

ಮರು: ಮಂಕಿ ರೆಂಚ್

> ಮಂಗನ ತಿರುಚುಳಿ

ಮಂಕಿ ಅನ್ನುವುದು ಮಂಗ ಅಲ್ಲ. ಚಾರ್ಲ್ಸ್ ಮಂಕಿ ಅನ್ನುವವನು ಕಂಡುಹಿಡಿದದ್ದರಿಂದ ಆ ಹೆಸರು. ವ್ಯಕ್ತಿಯ ಹೆಸರನ್ನು ಅನುವಾದ ಮಾಡಬಾರದು.

ಮರು: ಮಂಕಿ ರೆಂಚ್

ಅದು ಕಟ್ಟುಕತೆ. ಆ ಕತೆಯ ಪ್ರಕಾರ ಅವನು ಕಂಡುಹಿಡಿದದ್ದು 1850ರ ದಶಕದಲ್ಲಿ. ಮಂಕಿ ರೆಂಚ್ ಅನ್ನುವ ಹೆಸರು ಅದಕ್ಕೂ ಮೊದಲೇ ಅಚ್ಚಾಗಿದೆ. ಮಂಗ ಬೇಡ ಅನ್ನುವುದಕ್ಕೆ ಈ ಕತೆಯ ಆಸರೆ ಬೇಕಿಲ್ಲ. ಕನ್ನಡದಲ್ಲಿ ಮಂಗನಿಗೂ ಈ ಸಲಕರಣೆಗೂ ಯಾವ ನಂಟೂ ಇಲ್ಲ, ಅಷ್ಟೇ ಸಾಕು.

ಎರವಲು ಪದ, ಹಿಂದೆ: ಮಂಕಿ ರೆಂಚ್

> ಮುಂದೆ ಸ್ಪ್ಯಾನರ್ ಇರಲಿ, ರೆಂಚ್ ಇರಲಿ, ಕೈ ಇರಲಿ, ನನಗೆ ತಕರಾರಿಲ್ಲ

ತಿರುಪುಗೈ ಬರೆದದ್ದು ನಾನೇ, ನನಗೆ ತಕರಾರು ಇದೆ. ಈ ‘ಏನಾದರೂ ಇರಲಿ’ ಅನ್ನುವುದರಿಂದಲೇ ಕಮ್ಮಾರನ ಮಾತು ನಮ್ಮ ಬಾಯಿಂದ ಹೋಯಿತು. ಅಡೆಗಲ್ಲು, ತಿದಿ, ಕುಲುಮೆ, ಕೊಡತಿ, ಬೈರಿಗೆ, ಸಾಣೆ. ಎಷ್ಟು ಮಕ್ಕಳಿಗೆ ಇವು ಗೊತ್ತು? ಸಲಕರಣೆ ಮಾಡುವ ಜನರ ನುಡಿ ಇದು. ಚೀಟಿಯಲ್ಲಾದರೂ ಒಂದು ಕನ್ನಡ ಪದ ಕೂತರೆ ನಾಲ್ಕು ಜನ ಓದುತ್ತಾರೆ, ಒಬ್ಬ ಬಳಸುತ್ತಾನೆ.

ಮರು: ಎರವಲು ಪದ

ಕುಲುಮೆಯಲ್ಲಿ ನಟ್ಟು ಬೋಲ್ಟು ಇತ್ತೇ? ಅಲ್ಲಿ ಇದ್ದದ್ದು ಮೊಳೆ, ಬೆಣೆ, ಕೀಲು. ಯಂತ್ರದ ಜೊತೆ ವಸ್ತು ಬಂತು, ವಸ್ತುವಿನ ಜೊತೆ ಹೆಸರು ಬಂತು. ಇದರಲ್ಲಿ ಕಳೆದುಕೊಂಡದ್ದು ಏನೂ ಇಲ್ಲ.

ಇಂಗ್ಲಿಷಿನವರಿಗಾದರೂ ಸ್ಪ್ಯಾನರ್ ಮನೆಮಾತಲ್ಲ. ಜರ್ಮನ್ನಿನ ‘ಶ್ಪಾನೆನ್’ನಿಂದ ಬಂದದ್ದು. ಅದರ ಅರ್ಥ ಬಿಗಿ ಮಾಡುವುದು. 17ನೇ ಶತಮಾನದಲ್ಲಿ ಚಕ್ರ ಉಜ್ಜಿ ಕಿಡಿ ಹಾರಿಸುವ ಹಳೆಯ ಕೋವಿಯ ಸ್ಪ್ರಿಂಗ್ ಸುತ್ತುವ ಸಲಕರಣೆಗೆ ಇದ್ದ ಹೆಸರು, ಆಮೇಲೆ ನಟ್ಟಿಗೆ ಬಂತು. ಅವರು ಎರವಲು ತಂದು ನಾಲ್ಕು ನೂರು ವರ್ಷ ಬಳಸಿದರು. ನಾವು ತಂದರೆ ಮಾತ್ರ ತಪ್ಪೇ? ಕತ್ತರಿ ಸಂಸ್ಕೃತದ್ದು, ಮೇಜು ಪಾರ್ಸಿಯದು, ಚಾವಿ ಪೋರ್ಚುಗೀಸರದು ಅಂತ ನೀವೇ ಬರೆದಿದ್ದೀರಿ.

ಮರು: ಎರವಲು ಪದ

ಕತ್ತರಿ ಬಾಯಿಂದ ಬಾಯಿಗೆ ಬಂತು. ಬಂದು ಕನ್ನಡವಾಯಿತು. ‘ಅಡ್ಜಸ್ಟಬಲ್’ ಹಾಗೆ ಬಂದಿದೆಯೇ? ಅದು ಕಂಪನಿಗಳ ಕ್ಯಾಟಲಾಗಿನಿಂದ ಬಂದದ್ದು.

ನಿಮ್ಮ ಜರ್ಮನ್ ಉದಾಹರಣೆ ನನ್ನ ಕಡೆಗೇ ನಿಲ್ಲುತ್ತದೆ. ಪದ ಕೊಟ್ಟ ಜರ್ಮನ್ನರೇ ಇವತ್ತು ಸ್ಪ್ಯಾನರಿಗೆ ಬೀಗದಕೈಯ ಹೆಸರು ಬಳಸುತ್ತಾರೆ.

ಮರು: ಎರವಲು ಪದ

ಬಳಸುತ್ತಾರೆ, ನಿಜ. ಅದೇ ಜರ್ಮನ್ನರು ಮಂಕಿ ರೆಂಚಿನಂಥ ಸಲಕರಣೆಯನ್ನು ‘ಎಂಗ್ಲೆಂಡರ್’ ಅಂತಲೂ ಕರೆಯುತ್ತಾರೆ. ಅಂದರೆ ಇಂಗ್ಲಿಷಿನವನು. ಸ್ಪ್ಯಾನಿಶ್‌ನಲ್ಲಿ ‘ಯಾವೆ ಇಂಗ್ಲೇಸಾ’, ಇಂಗ್ಲಿಷ್ ಬೀಗದಕೈ. ಡೆನ್ಮಾರ್ಕಿನವರಿಗೆ ಓರೆಬಾಯಿಯದು ಸ್ವೀಡಿಶ್ ಬೀಗದಕೈ. ಹೊರಗಿನಿಂದ ಬಂದದ್ದು ಅಂತ ಹೆಸರಿನಲ್ಲೇ ಒಪ್ಪಿಕೊಂಡಿದ್ದಾರೆ. ಯಾರ ಮಾನವೂ ಹೋಗಲಿಲ್ಲ.

ಮರು: ಮಂಕಿ ರೆಂಚ್

ಮೊದಲು ಕೇಳಿದವಳು ನಾನೇ. ದಯವಿಟ್ಟು ಎರವಲಿನ ಮಾತು ಆಮೇಲೆ ಆಡೋಣ. ಬಾಯಿಯ ಲೆಕ್ಕ ಹಾಕಿ ಮೂರನ್ನೂ ಮತ್ತೆ ನೋಡಿದೆ, ಕೂಡಲೇ ಬೇರೆಯಾದವು. ತುಂಬಾ ಉಪಕಾರವಾಯಿತು.

ಆದರೆ ಹೊಸ ತೊಡಕು ಬಂದಿದೆ. ಬಾಯಿ ಹೊಂದಿಸಲು ಬಾರದ ಸಾಮಾನ್ಯ ಸ್ಪ್ಯಾನರುಗಳಿಗೂ ಬಾಯಿ ಓರೆಯಾಗಿಯೇ ಇದೆ. ಓರೆಬಾಯಿ ಅಂದರೆ ಅವೂ ಸೇರುವುದಿಲ್ಲವೇ? ಇನ್ನೊಂದು, ಎರಡು ಸ್ಪ್ಯಾನರ್ ಇವೆ. ಒಂದರ ಮೇಲೆ ‘1/4 ಡಬ್ಲ್ಯು’ ಅಂತಿದೆ, ಬಾಯಿ ದೊಡ್ಡದು. ಇನ್ನೊಂದರ ಮೇಲೆ ‘7/16 ಎ.ಎಫ್.’ ಅಂತಿದೆ, ಬಾಯಿ ಚಿಕ್ಕದು. ಕರಡಿನಲ್ಲಿ ಎರಡಕ್ಕೂ ‘ಅಳತೆ’ ಅಂತ ಬರೆದಿದ್ದಾರೆ. 1/4 ಇಂಚು 7/16ಕ್ಕಿಂತ ದೊಡ್ಡದಾಗುವುದು ಹೇಗೆ?

ಮರು: ಮಂಕಿ ರೆಂಚ್

ಮೇಡಂ, ನೀವು ಬಾಯಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದೇ ಒಳ್ಳೆಯದಾಯಿತು. ಹೊಸದಾಗಿ ಕೂಡಿಡುವವರು ಎಲ್ಲರೂ ಇಲ್ಲೇ ಎಡವುತ್ತಾರೆ. ನಾನೂ ಎಡವಿದ್ದೇನೆ.

ಡಬ್ಲ್ಯು ಅಂದರೆ ವಿಟ್‌ವರ್ತ್. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬ್ರಿಟನ್ನಿನಲ್ಲಿ ಸ್ಕ್ರೂವಿನ ಎಳೆಗೆ ಒಂದೇ ಕಟ್ಟಳೆ ತಂದ. ಆ ಪದ್ಧತಿಯಲ್ಲಿ ಸ್ಪ್ಯಾನರಿನ ಮೇಲೆ ಬರೆಯುವುದು ಬೋಲ್ಟಿನ ಕಾಂಡ ಎಷ್ಟು ದಪ್ಪ ಅನ್ನುವುದನ್ನು. ಬಾಯಿ ಎಷ್ಟು ಅಗಲ ಅನ್ನುವುದನ್ನಲ್ಲ. 1/4 ಡಬ್ಲ್ಯುವಿನ ಬಾಯಿ ಅಳೆದರೆ 0.525 ಇಂಚು, ಅಂದರೆ 13.3 ಮಿ.ಮೀ. ಬರುತ್ತದೆ. ಎ.ಎಫ್. ಅಂದರೆ ಅಕ್ರಾಸ್ ಫ್ಲ್ಯಾಟ್ಸ್, ನಟ್ಟಿನ ಎದುರುಬದುರು ಮುಖಗಳ ನಡುವಿನ ಅಗಲ. ಆ ಗುರುತು ಬಾಯಿಯನ್ನೇ ಹೇಳುತ್ತದೆ. 7/16 ಅಂದರೆ 0.4375 ಇಂಚು.

‘3/16 ಡಬ್ಲ್ಯು, 1/4 ಬಿ.ಎಸ್.’ ಅಂತ ಒಂದೇ ಬಾಯಿಗೆ ಎರಡು ಗುರುತೂ ಇರುತ್ತವೆ. ಬಿ.ಎಸ್. (ಬ್ರಿಟಿಷ್ ಸ್ಟ್ಯಾಂಡರ್ಡ್) ಅನ್ನುವುದು ಸಣ್ಣ ಎಳೆ ಇರುವ ಬೋಲ್ಟಿಗೆ. ಅದರ ತಲೆ ಒಂದು ಅಳತೆ ಕಿರಿದು. ಅದಕ್ಕೇ ಎರಡಕ್ಕೂ ಒಂದೇ ಬಾಯಿ ಸಾಕು.

ಹಾಗಾಗಿ ‘ಅಳತೆ’ ಅಂತ ಬರೆದರೆ ನೋಡುವವರಿಗೆ ಸುಳ್ಳು ಹೇಳಿದ ಹಾಗೆ. ಎ.ಎಫ್. ಇದ್ದಲ್ಲಿ ‘ಬಾಯಗಲ’ ಅಂತ ಬರೆಯಿರಿ. ಡಬ್ಲ್ಯು ಇದ್ದಲ್ಲಿ ‘ಬೋಲ್ಟಿನ ದಪ್ಪ’ ಅಂತ ಬರೆಯಿರಿ.

ಓರೆಬಾಯಿಯ ಬಗ್ಗೆ ನೀವು ಹೇಳಿದ್ದು ಸರಿ, ನಾನು ಯೋಚಿಸಲಿಲ್ಲ. ಮೊದಲು ಉತ್ತರ ಕೊಟ್ಟವರ ಸ್ಕ್ರೂ ಸ್ಪ್ಯಾನರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಓರೆಬಾಯಿ ಸ್ಕ್ರೂ ಸ್ಪ್ಯಾನರ್’ ಅಂದರೆ ಗೊಂದಲ ಇರುವುದಿಲ್ಲ.

ಮರು: ಮಂಕಿ ರೆಂಚ್

ಬಾಯಗಲ ಒಳ್ಳೆಯ ಪದ. ಒಪ್ಪಿದೆ. ಆದರೆ ಬೋಲ್ಟಿಗೆ ಬಾಯಿ ಇಲ್ಲ. ಅದನ್ನೇ ಅಳೆದರೆ ‘ತಲೆಯಗಲ’ ಅನ್ನಬೇಕು.

ತಿರುಪುಗೈಯನ್ನು ನಾನು ಬಿಟ್ಟಿಲ್ಲ.

ಮರು: ಮಂಕಿ ರೆಂಚ್

ಅಡ್ಡಬಾಯಿ ಬೇಡ. ‘ಅಡ್ಡಬಾಯಿ ಹಾಕಬೇಡ’ ಅಂತ ಬೈಯುತ್ತೇವೆ. ಕೆಟ್ಟದಾಗಿ ಕೇಳಿಸುತ್ತದೆ.

ಮರು: ಮಂಕಿ ರೆಂಚ್

ಸಲಕರಣೆಯನ್ನು ನೋಡುತ್ತಾ ಓದುವವರಿಗೆ ಹಾಗೆ ಕೇಳಿಸುವುದಿಲ್ಲ. ಬಾಯಿ ಅಡ್ಡವಾಗಿಯೇ ಇದೆ.

ಮರು: ಮಂಕಿ ರೆಂಚ್

ಮತ್ತೆ ನಾನೇ. ಮೂರು ಚೀಟಿ ಹೀಗೆ ಆಗಿವೆ:

‘ಅಡ್ಡಬಾಯಿ ಸ್ಕ್ರೂ ಸ್ಪ್ಯಾನರ್. ಮಂಕಿ ರೆಂಚ್ ಎಂದು ಹೆಸರು. ಅಚ್ಚಿನಲ್ಲಿ ಬಡಿದ ಉಕ್ಕು, ಮರದ ಹಿಡಿ.’

‘ಓರೆಬಾಯಿ ಸ್ಕ್ರೂ ಸ್ಪ್ಯಾನರ್. ಅಚ್ಚಿನಲ್ಲಿ ಬಡಿದ ಉಕ್ಕು. ಪೇಟೆಂಟ್ ಕೋರಿದೆ ಎಂದು ಒತ್ತಿದೆ.’

‘ಹಲ್ಲುಬಾಯಿ ಪೈಪ್ ರೆಂಚ್. ಕೊಳವೆಗೆ ಮಾತ್ರ. ಎಳೆದಷ್ಟೂ ಕಚ್ಚುತ್ತದೆ.’

ತಿರುಪುಗೈ ಹೇಳಿದವರೇ, ನಿಮ್ಮ ಪದ ಎರಡು ಸಾಲಿನಲ್ಲಿ ಹಿಡಿಯಲಿಲ್ಲ. ಆದರೆ ಆರು ಮೂಲೆಯ ಬಾಗಿದ ಆಲನ್ ಕೀಗಳು ಒಂದು ಕಟ್ಟು ಇವೆ. ಕರಡಿನಲ್ಲಿ ಅದಕ್ಕೆ ‘ಆಲನ್ ಕೀಲಿ’ ಅಂತಿತ್ತು. ಅದನ್ನು ‘ಆಲನ್ ತಿರುಪುಗೈ’ ಮಾಡಿದ್ದೇನೆ. ಅಲ್ಲಿ ಬಾಯಿಯೂ ಇಲ್ಲ, ಹಲ್ಲೂ ಇಲ್ಲ. ಹೆಸರು ಸರಿಯಾಗಿ ಕೂತಿತು.

ಮರು: ಮಂಕಿ ರೆಂಚ್

ಸಂತೋಷ. ‘ಆಲನ್’ ಆದಮೇಲೆ ಜಾಗ ಬಿಡಿ, ಎರಡನ್ನೂ ಕೂಡಿಸಿ ಬರೆಯಬೇಡಿ.