ಅಣಶಿ ದಾರಿಯಲ್ಲಿ ಪ್ರಾಣಿ ನೋಡಲು ಜೀಪ್ ಸಫಾರಿ ಬೇಕಾ, ನಮ್ಮ ಕಾರೇ ಸಾಕಾ? ಅನುಭವ ಹೇಳಿ

ಕಾರವಾರದಿಂದ ಪ್ರಶ್ನೆ: ಡಿಸೆಂಬರ್‌ನಲ್ಲಿ ಅಮ್ಮ, 8 ವರ್ಷದ ಮಗನ ಜೊತೆ ಕದ್ರಾ, ಅಣಶಿ, ಜೋಯಿಡಾ ಮೇಲೆ ದಾಂಡೇಲಿಗೆ ಹೊರಟಿದ್ದೇವೆ. ಅಮ್ಮನಿಗೆ ಮಂಡಿ ನೋವು. ಸಫಾರಿ ಮಾಡಬೇಕಾ, ಘಾಟಿಯಲ್ಲಿ ನಿಧಾನ ಹೋದರೆ ಸಾಕಾ?

ಅಂಕೋಲಾದವ: ಸಫಾರಿ ಸುದ್ದಿ ಎತ್ತಬೇಡಿ. ಹೋದ ವರ್ಷ ನಾವು 6 ಜನ. ಜೀಪು, ಟಿಕೆಟ್, ಕ್ಯಾಮೆರಾ ಎಲ್ಲಾ ಸೇರಿ 5,200. ಮುಂಚಿನ ರಾತ್ರಿ ರೂಮಿಗೆ 3,600, ಬಿಸಿನೀರೂ ಇಲ್ಲ. ನಾಲ್ಕೂವರೆಗೆ ಎದ್ದು ಚಳಿಯಲ್ಲಿ ಕೂತರೆ ಜೀಪಿನವನು ಬಂದಿದ್ದು ಏಳಕ್ಕೆ. ಕಂಡಿದ್ದು ಒಂದು ನವಿಲು, ಎರಡು ಜಿಂಕೆ, ದೂರದಲ್ಲಿ ಕಾಡುಕೋಣದ ಬೆನ್ನು. ‘ನಿನ್ನೆ ಇಲ್ಲೇ ಕರಿಚಿರತೆ ಇತ್ತು’ ಅಂತ ಮೂರು ಸಲ ಹೇಳಿದ. ನಿನ್ನೆಯದಕ್ಕೆ ನಾನ್ಯಾಕೆ ದುಡ್ಡು ಕೊಡಲಿ? ವಾಪಸ್ ಬರುವಾಗ ಘಾಟಿಯಲ್ಲಿ ಪಂಕ್ಚರ್, ಸ್ಟೆಪ್ನಿಯಲ್ಲಿ ಗಾಳಿ ಇಲ್ಲ, ಕೆಳಗಿನಿಂದ ಮೆಕ್ಯಾನಿಕ್ ಕರೆಸಲು 1,400. ಆ ಎರಡೂವರೆ ತಾಸು ತಲೆ ಮೇಲೆ ಕೆಂಜಳಿಲು ಓಡಾಡುತ್ತಿತ್ತು. ಅದು ಪುಕ್ಕಟೆ.

ಶಿರಸಿಯಿಂದ: ಇದು ಕಬಿನಿ ಅಲ್ಲ ಮಾರಾಯ್ರೇ. ಅಲ್ಲಿ ಬೇಸಿಗೆಗೆ ಹಿನ್ನೀರು ಇಳಿದು ಹುಲ್ಲು ಚಿಗುರುತ್ತದೆ, ಆನೆ ಬಯಲಿಗೆ ಬರುತ್ತವೆ. ನಮ್ಮ ಕಾಡಿನಲ್ಲಿ ಹತ್ತು ಮಾರು ಆಚೆ ಆನೆ ನಿಂತರೂ ಗೊತ್ತಾಗುವುದಿಲ್ಲ. 2007ರಲ್ಲಿ ಹುಲಿ ಮೀಸಲು ಆಯ್ತು, 2015ರಲ್ಲಿ ಕಾಳಿ ಅಂತ ಹೆಸರಾಯ್ತು, ಬಂದವರಿಗೆಲ್ಲ ಹುಲಿಯೇ ಬೇಕು. ನಾನು ಹೋಗುವುದು ಮಂಗಟ್ಟೆ ಹಕ್ಕಿ, ಅದೇ ಹಾರ್ನ್‌ಬಿಲ್, ನೋಡಲು. ದಾಂಡೇಲಿಯ ಟಿಂಬರ್ ಡಿಪೋ ಹತ್ತಿರದ ಮರಗಳಿಗೆ ಬರುತ್ತವೆ, ರೆಕ್ಕೆ ಸದ್ದು ಮೊದಲು ಕೇಳುತ್ತದೆ, ಹಕ್ಕಿ ಆಮೇಲೆ. ಅದಕ್ಕಂತಲೇ 22,000 ಕೊಟ್ಟು ಹಳೇ ಲೆನ್ಸ್ ತಗೊಂಡೆ. ಒಂದೇ ಮಳೆಗಾಲಕ್ಕೆ ಫಂಗಸ್. ಹೆಂಡತಿ ಇನ್ನೂ ಆಡಿಕೊಳ್ಳುತ್ತಾಳೆ.

ಕುಮಟಾದ ಅಕ್ಕ: ಎಲ್ಲರೂ ಸಫಾರಿ ದಂಡ ಅನ್ನಬೇಡಿ. ನಾನು ದಾಂಡೇಲಿ ಹತ್ತಿರದ ಪಣಸೋಲಿ ಸಫಾರಿಯಲ್ಲಿ ಕರಿಚಿರತೆ ನೋಡಿದ್ದೇನೆ. 2019ರ ಮಾರ್ಚ್, ಸಂಜೆ ಟ್ರಿಪ್ಪು. ದಾರಿ ದಾಟಿತು, ನಾಲ್ಕು ಸೆಕೆಂಡು. ಫೋಟೋ ಇಲ್ಲ.

ಅಂಕೋಲಾದವ: ನಾಲ್ಕು ಸೆಕೆಂಡಿಗೆ ಕಾಡುಬೆಕ್ಕೂ ಇರಬಹುದು ಅಕ್ಕಾ.

ಕುಮಟಾದ ಅಕ್ಕ: ಕಾಡುಬೆಕ್ಕು ನಮ್ಮ ಕೊಟ್ಟಿಗೆ ಹಿಂದೆ ದಿನಾ ಬರುತ್ತದೆ. ನೀವು ಮೊದಲು ಸ್ಟೆಪ್ನಿಗೆ ಗಾಳಿ ಹಾಕಿಸಿ.

ಶಿರಸಿಯಿಂದ: ಕರಿಚಿರತೆ ಬೇರೆ ಪ್ರಾಣಿ ಅಲ್ಲ, ಚಿರತೆಯೇ, ಮೈ ಕಪ್ಪು ಅಷ್ಟೇ. ಬಿಸಿಲಿಗೆ ಚುಕ್ಕಿ ಕಾಣುತ್ತವೆ. ಕಂಡಿತ್ತಾ?

ಕುಮಟಾದ ಅಕ್ಕ: ಸಂಜೆ ಅಂದೆನಲ್ಲ, ಬಿಸಿಲು ಎಲ್ಲಿಂದ ತರಲಿ?

ಹೊನ್ನಾವರದವ: ಸುಮ್ನೆ ಯಾಕೆ ಜಗಳ? ನಮ್ಮ ಗೇರುಸೊಪ್ಪ ಘಾಟಿಗೆ ಬನ್ನಿ, ಅದೃಷ್ಟ ಇದ್ದರೆ ಸಿಂಗಳೀಕ ರಸ್ತೆ ಬದಿಗೇ ಸಿಗುತ್ತವೆ. ತಿಂಡಿ ಮಾತ್ರ ಹಾಕಬೇಡಿ. ನನ್ನ ಭಾವ ಮಂಗಕ್ಕೆ ಬಾಳೆಹಣ್ಣು ತೋರಿಸಿದ, ಅದು ಕಿಟಕಿಯಿಂದ ಒಳಗೇ ಬಂತು. ಸೀಟ್ ಕವರ್ 2,800, ಇನ್ನೂ ಕೊಟ್ಟಿಲ್ಲ ಅವನು.

ಶಿರಸಿಯಿಂದ: ಜಾಗ ಹೀಗೆ ಊರಿಗೆಲ್ಲ ಸಾರಿದರೆ ನಾಳೆ ಅಲ್ಲೂ ಬಾಳೆಗೊನೆ ಹಿಡಿದು ಬರುತ್ತಾರೆ.

ಹೊನ್ನಾವರದವ: ಡಿಪೋ ಹೆಸರು ಹೇಳಿದ್ದು ಯಾರು, ನಾನಾ?