ಬೇರೆಯವರ ಟೆರೇಸ್ ತೋಟ ನೋಡಿ ನೀವೂ ಶುರು ಮಾಡಿದ್ದೀರಾ? ಅನುಭವ ಹೇಳಿ

ಮೈಸೂರಿನ ಓದುಗಿ:
ಆರು ತಿಂಗಳಿಂದ ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತಾ ಬೇರೆಯವರು ತಮ್ಮ ಟೆರೇಸ್ ತೋಟದ ಬಗ್ಗೆ ಬರೆದಿದ್ದನ್ನು ಓದುತ್ತೇನೆ. ಓದಿದ ದಿನ ಮನಸ್ಸು ಹಗುರವಾಗಿರುತ್ತದೆ. ಈಗ ನಾನೂ ಶುರು ಮಾಡಬೇಕು ಅನ್ನಿಸಿದೆ. ಬಾಡಿಗೆ ಮನೆ, ಮಧ್ಯಾಹ್ನ 12ರವರೆಗೆ ಬಿಸಿಲು, ಕೈಯಲ್ಲಿ 3000 ರೂಪಾಯಿ. ಹೀಗೆ ನೋಡಿ ಶುರು ಮಾಡಿದವರು ಮುಂದುವರಿಸಿದ್ದೀರಾ?

ತಿಪಟೂರಿನವಳು, ಈಗ ಬೆಂಗಳೂರು:
2019ರಲ್ಲಿ ಒಬ್ಬರ ತೋಟದ ಟೊಮೆಟೊ ಫೋಟೋ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಬರೆದಿಟ್ಟಿದ್ದೇನೆ. 20 ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) 1600, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೂರು ಇಟ್ಟಿಗೆ 750, ಎರೆಗೊಬ್ಬರ ಎರಡು ಮೂಟೆ 900, ಬೇವಿನ ಹಿಂಡಿ 250, ಆಟೋಗೆ 350, ನೆರಳು ಬಲೆಗೆ ಕಬ್ಬಿಣದ ಫ್ರೇಮ್ ಸೇರಿ 6200. ಒಟ್ಟು 10,050. ಮೊದಲ ವರ್ಷ ಸಿಕ್ಕಿದ್ದು 4 ಕೆಜಿ ಟೊಮೆಟೊ. ಎರಡನೇ ಸಲ ಎಲೆ ಮುರುಟು ರೋಗ ಬಂತು. ಅದನ್ನು ಹರಡುವ ಬಿಳಿ ನೊಣಕ್ಕೆ ಅಂತ ಲೀಟರಿಗೆ 5 ಎಂಎಲ್ ಬೇವಿನ ಎಣ್ಣೆ ಹಾಕಿ ವಾರಕ್ಕೆರಡು ಸಲ ಹೊಡೆದರೂ 14 ಗಿಡ ಹೋದವು, ಅತ್ತುಬಿಟ್ಟೆ. ಆಮೇಲೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿದೆ, ಎಲೆ ಮುರುಟು ತಡೆಯುವ ತಳಿ. ಇವತ್ತಿಗೂ ಅದೇ ಹಾಕೋದು.

ನಾಟಿ ಬೀಜದವ, ಶಿರಸಿ:
ಅರ್ಕಾ ರಕ್ಷಕ್ ಹೈಬ್ರಿಡ್ ಅಲ್ವಾ? ಬೀಜ ತೆಗೆದಿಟ್ಟರೆ ಮುಂದಿನ ಸಲ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ಕೊಳ್ಳಲೇಬೇಕು. ನಾನು ಅಜ್ಜಿ ಕೊಟ್ಟ ಬದನೆ ಬೀಜವನ್ನು ಬೂದಿ ಸವರಿ 11 ವರ್ಷದಿಂದ ಉಳಿಸಿಕೊಂಡಿದ್ದೇನೆ. ನಾಲ್ಕು ಸಲ ಮಂಗಗಳು ಗಿಡ ಬುಡಸಮೇತ ಕಿತ್ತು ಹಾಕಿವೆ. ಬಲೆಗೆ 4800 ಕೊಟ್ಟೆ, ಎರಡೇ ವಾರದಲ್ಲಿ ಹರಿದವು. ಕೋಲು ಹಿಡಿದು ಕೂರೋದಕ್ಕೆ ಅಂತ ಕೆಲಸಕ್ಕೆ ಆರು ದಿನ ರಜೆ ಹಾಕಿದ್ದೇನೆ. ಆದರೂ ಬೀಜ ಬಿಟ್ಟುಕೊಟ್ಟಿಲ್ಲ.

ತಿಪಟೂರಿನವಳು:
ಬಾವಿ ಇರುವ ಊರಲ್ಲಿ ಕೂತು ಮಾತಾಡೋದು ಸುಲಭ ಸ್ವಾಮಿ. 2024ರ ಮಾರ್ಚ್‌ನಲ್ಲಿ ಇಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5000 ದಂಡ ಅಂತ ಆದೇಶ ಹೊರಡಿಸಿತ್ತು. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಬಕೆಟ್‌ನಲ್ಲಿ ಮೂರು ಮಹಡಿ ಹೊತ್ತು 9 ಗಿಡ ಉಳಿಸಿಕೊಂಡೆ. ಅವೆಲ್ಲ ಹೈಬ್ರಿಡ್ಡೇ. ಬೀಜಕ್ಕೆ ವರ್ಷಕ್ಕೆ ಖರ್ಚಾಗೋದು 60 ರೂಪಾಯಿ, ಅದಕ್ಕೆ ಇಷ್ಟು ಮಾತಾ?

ಸೈಟ್ ಇಂಜಿನಿಯರ್, ದಾವಣಗೆರೆ:
ಬೀಜದ ಜಗಳ ಆಮೇಲೆ ಮಾಡಿ. ಭಾರದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಜನ ಓಡಾಡುವ ಟೆರೇಸಿಗೆ ನಾವು ಲೆಕ್ಕಕ್ಕೆ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. 12 ಇಂಚಿನ ಬ್ಯಾಗಿಗೆ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ಹತ್ತಿರ ಹತ್ತಿರ 35 ಕೆಜಿ, ಒಂದು ಚದರ ಮೀಟರಿನಲ್ಲಿ ಒಂಬತ್ತು ಒತ್ತೊತ್ತಾಗಿ ಜೋಡಿಸಿದರೆ 300 ದಾಟಿತು. ನಮ್ಮ ಅಪ್ಪ ಯಾರದೋ ಫೋಟೋ ನೋಡಿ ಸ್ಲ್ಯಾಬ್ ನಡುವೆ 40 ಕುಂಡ ಇಟ್ಟರು. ಬುಡದಲ್ಲಿ ನೀರು ನಿಂತು ದೇವರ ಮನೆ ಸೋರಿತು. ವಾಟರ್‌ಪ್ರೂಫಿಂಗ್‌ಗೆ 38,000, ಪೇಂಟಿಗೆ ಮತ್ತೆ 9000. ನಾನು ಇಂಜಿನಿಯರ್ ಆಗಿದ್ದೂ ನನ್ನ ಮಾತು ಕೇಳಲಿಲ್ಲ ಅನ್ನೋದು ಇವತ್ತಿಗೂ ನೋವು. ಗೋಡೆ, ಬೀಮ್ ಮೇಲೆ ಬರುವ ಹಾಗೆ ಇಡಿ, ಕೆಳಗೆ ಇಟ್ಟಿಗೆ ಕೊಡಿ.

ಜಯನಗರದ ಅಜ್ಜಿ:
ಹೊಸಬರನ್ನು ಹೀಗೆ ಹೆದರಿಸಬೇಡಪ್ಪ. ಟೆರೇಸಿಗೆ ಕೆಮ್ಮಣ್ಣು ತುಂಬು ಅಂತ ಯಾರು ಹೇಳಿದರು? ಡಾ. ಬಿ.ಎನ್. ವಿಶ್ವನಾಥ್ ಬೆಂಗಳೂರಿನವರಿಗೆ ಎಷ್ಟು ವರ್ಷದಿಂದ ತಾರಸಿ ತೋಟ ಹೇಳಿಕೊಟ್ಟಿದ್ದಾರೆ. ನಾನು ತಾರಸಿ ತೋಟದವರು ಸೇರುವ 'ಊಟ ಫ್ರಮ್ ಯುವರ್ ತೋಟ' ಸಂತೆಯಲ್ಲಿ ಕಂಡವರ ಕೈಯಿಂದ ದೊಡ್ಡಪತ್ರೆ, ಬಸಳೆ ಕಡ್ಡಿ ಇಸ್ಕೊಂಡು ಬಂದವಳು. ಮೂರು ಕಡ್ಡಿ, ಒಂದು ಹಳೇ ಬಕೆಟ್, ಅಡುಗೆಮನೆ ಕಸದ ಗೊಬ್ಬರ. ಮಂಡಿ ಆಪರೇಷನ್ ಆದಾಗ ಎರಡು ತಿಂಗಳು ಮೇಲೆ ಹತ್ತಲಿಲ್ಲ, ಬಸಳೆ ಒಣಗಿತು. ದೊಡ್ಡಪತ್ರೆ ಮಾತ್ರ ಕಾಯ್ತಾ ಇತ್ತು. ಅದರದ್ದೇ ತಂಬುಳಿ ಇವತ್ತೂ ಮಾಡಿದೆ.

ಸೈಟ್ ಇಂಜಿನಿಯರ್:
ಹೆದರಿಸುತ್ತಿಲ್ಲ ಅಮ್ಮ. 47,000 ಕಳೆದುಕೊಂಡವನು ಹೇಳುತ್ತಿದ್ದೇನೆ.

ಮೈಸೂರಿನ ಓದುಗಿ:
ನಮ್ಮದು ಬಾಡಿಗೆ ಮನೆ ಅಂತ ಬರೆದಿದ್ದೆ. ಮಾಲೀಕರನ್ನು ಕೇಳಿದೆ, ಗೋಡೆ ಪಕ್ಕ ಆರು ಕುಂಡಕ್ಕೆ ಒಪ್ಪಿದ್ದಾರೆ. ನಿನ್ನೆ ಎರಡರಲ್ಲಿ ಮೆಂತ್ಯ ಚೆಲ್ಲಿದೆ, ಇವತ್ತೇ ಮೂರು ಸಲ ಹೋಗಿ ನೋಡಿ ಬಂದೆ.

ನಾಟಿ ಬೀಜದವ:
ಉಳಿದ ನಾಲ್ಕು ಕುಂಡ ಖಾಲಿ ಇಡಿ ಅಕ್ಕ, ಬದನೆ ಬೀಜ ಕಳಿಸುತ್ತೇನೆ. ಹೈಬ್ರಿಡ್ ಮಾತ್ರ ಹಾಕಬೇಡಿ.

ತಿಪಟೂರಿನವಳು:
ಒಂದಾದರೂ ಟೊಮೆಟೊಗೆ ಬಿಡಿ ಅಕ್ಕ. ಇವರ ಮಾತು ಕೇಳಬೇಡಿ.