ಅಪ್‌ಡೇಟ್: ರೆಸಿಡೆನ್ಸಿಗೆ ಹಾಕಲಾ ಬೇಡವಾ ಅಂತ ಕೇಳಿದ್ದೆನಲ್ಲ

ನೆನಪಿದೆಯಾ? ಅಮೆರಿಕದಲ್ಲಿ ಆಪ್ಟೊಮೆಟ್ರಿ (ಕಣ್ಣಿನ ಪರೀಕ್ಷೆ, ಕನ್ನಡಕ, ಲೆನ್ಸ್ ಬಗೆಗಿನ ಓದು) ಮೂರನೇ ವರ್ಷ, ಕ್ಲಾಸಲ್ಲೆಲ್ಲ ರ‍್ಯಾಂಕಿನದೇ ಮಾತು, ನಾನು ನಡುವಿನಲ್ಲೆಲ್ಲೋ ಇದ್ದೇನೆ, ರೆಸಿಡೆನ್ಸಿಗೆ, ಅಂದರೆ ಡಿಗ್ರಿ ನಂತರದ ಒಂದು ವರ್ಷದ ವಿಶೇಷ ತರಬೇತಿಗೆ, ಹಾಕಲಾ ಬೇಡವಾ ಅಂತ ಕೇಳಿದ್ದೆ.

ಅರ್ಜಿ ಹಾಕಿದೆ. ಮಾರ್ಚ್‌ನಲ್ಲಿ ಮ್ಯಾಚ್ ಆಯಿತು, ಅಂದರೆ ಸೀಟು ಸಿಕ್ಕಿತು! ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ), ಕಾಂಟ್ಯಾಕ್ಟ್ ಲೆನ್ಸ್ ವಿಭಾಗ. ಜುಲೈಯಿಂದ 1 ವರ್ಷ.

ಮನಸ್ಸು ಗಟ್ಟಿಯಾಗಿದ್ದು ಕ್ಲಿನಿಕ್‌ನಲ್ಲಿ. ಕೆರಟೊಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ತೊಂದರೆ) ಇದ್ದ ಹುಡುಗನಿಗೆ ಸ್ಕ್ಲೆರಲ್ ಲೆನ್ಸ್, ಅಂದರೆ ಕಣ್ಣಿನ ಬಿಳಿ ಭಾಗದ ಮೇಲೆ ಕೂರುವ ದೊಡ್ಡ ಲೆನ್ಸ್, ಹಾಕಬೇಕಿತ್ತು. ಬಟ್ಟಲಿನಂಥ ಲೆನ್ಸಿಗೆ ಅಂಚಿನ ತನಕ ಸಲೈನ್ ತುಂಬಿ, ಅವನು ನೆಲ ನೋಡುತ್ತಾ ಬಗ್ಗಿದಾಗ ಕೆಳಗಿನಿಂದ ಕೂರಿಸಬೇಕು. ಎರಡು ಸಲ ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿತು. ಅವನ ಕೆನ್ನೆ, ನನ್ನ ತೋಳು ಎಲ್ಲ ಒದ್ದೆ. ಮೂರನೇ ಸಲ ಸರಿಯಾಗಿ ಕೂತಿತು. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಕಾಣ್ತಿದೆ ಅಂದ. ಇದನ್ನೇ ಇನ್ನೂ ಕಲಿಯಬೇಕು ಅನಿಸಿತು.

ಇಂಟರ್‌ವ್ಯೂನಲ್ಲಿ ರ‍್ಯಾಂಕ್ ಯಾರೂ ಕೇಳಲಿಲ್ಲ. ಕಷ್ಟವಾದ ಕೇಸ್ ಹೇಳಿ ಅಂದರು, ಈ ಗುಳ್ಳೆ ಕಥೆಯನ್ನೇ ಹೇಳಿದೆ. ಸುಮ್ನೆ ಅಷ್ಟೊಂದು ನಿದ್ದೆಗೆಟ್ಟೆ ಅಲ್ವಾ!

ಸಂಬಳ ಮಾತ್ರ ನೇರ ಕೆಲಸಕ್ಕೆ ಹೋದವರಿಗಿಂತ ತುಂಬಾ ಕಡಿಮೆ, ಸಾಲವೂ ಇದೆ. ಇಲ್ಲಿ ಎಂಬಿಬಿಎಸ್ ಆದವರ ಹಾಗಲ್ಲ, ನಮಗೆ 4 ವರ್ಷದ ಓ.ಡಿ. (ಡಾಕ್ಟರ್ ಆಫ್ ಆಪ್ಟೊಮೆಟ್ರಿ) ಡಿಗ್ರಿ ಮುಗಿಸಿ ಲೈಸೆನ್ಸ್ ಪಡೆದರೆ ಸಾಕು, ರೆಸಿಡೆನ್ಸಿ ಸಾಮಾನ್ಯವಾಗಿ ಕಡ್ಡಾಯವಿಲ್ಲ. ಅದಕ್ಕೇ ಅಪ್ಪ ಫೋನಿನಲ್ಲಿ ಇನ್ನೂ ಕೇಳುತ್ತಿದ್ದಾರೆ, "ಡಾಕ್ಟರ್ ಆದ ಮೇಲೂ ಇನ್ನೊಂದು ವರ್ಷ ಯಾಕೆ ಮಗಾ?"